ಏಳು ಜನರ ಸಂಸಾರಕ್ಕೆ ಹಳೆಯ ಕ್ಯಾಂಪರ್ ಟ್ರೇಲರ್: ಮೊದಲು ತೂಕ, ಆಮೇಲೆ ಹಾಸಿಗೆ

ನೀವು ಕೇಳಿದ್ದು ಇಷ್ಟು: ಗಂಡ ಹೆಂಡತಿ, ಮೂರರಿಂದ ಹದಿನಾಲ್ಕು ವರ್ಷದವರೆಗಿನ ಐದು ಮಕ್ಕಳು, ಏಳು ಆಸನದ ಫೋರ್ ವೀಲ್ ಡ್ರೈವ್ ಗಾಡಿ. ಕಚ್ಚಾ ದಾರಿಯಲ್ಲಿ ಎಳೆದುಕೊಂಡು ಹೋಗಲು ಎರಡು ಹಳೆಯ ಕ್ಯಾಂಪರ್ ಟ್ರೇಲರ್, ಅಂದರೆ ನಿಂತಲ್ಲಿ ಬಿಚ್ಚಿದರೆ ಮಲಗುವ ಡೇರೆಯಾಗುವ ಬಂಡಿ, ನೋಡಿಟ್ಟಿದ್ದೀರಿ. ಒಂದು ಮುಂದಕ್ಕೆ ಬಿಚ್ಚಿಕೊಳ್ಳುವ ಗಟ್ಟಿ ನೆಲದ್ದು. ಏಳು ಜನ ಮಲಗಬಹುದು ಎಂದು ಮಾರುವವರು ಹೇಳುತ್ತಿದ್ದಾರೆ. ಇನ್ನೊಂದು ಪಕ್ಕಕ್ಕೆ ಬಿಚ್ಚಿ ಹರಡುವ, ಬಟ್ಟೆ ನೆಲದ ದೊಡ್ಡ ಡೇರೆಯದು. ಇವೆರಡರಲ್ಲಿ ಯಾವುದು ಎಂಬುದು ಪ್ರಶ್ನೆ. ನಮ್ಮದು ಎಂಟು ಜನರ ಸಂಸಾರ. ಎರಡು ಬಾರಿ ಹಳೆಯ ಟ್ರೇಲರ್ ಕೊಂಡಿದ್ದೇವೆ, ಮೊದಲನೆಯದರಲ್ಲಿ ಪೆಟ್ಟು ತಿಂದಿದ್ದೇವೆ. ಆದ್ದರಿಂದ ಉದ್ದವಾಗಿಯೇ ಬರೆಯುತ್ತೇನೆ, ಬಿಡುವಾದಾಗ ಓದಿ.

ಮನೆ ತುಂಬ ಮಕ್ಕಳಿರುವವರು ಮೊದಲು ಎಣಿಸುವುದು ಹಾಸಿಗೆಗಳನ್ನು. ನಾವೂ ಅದನ್ನೇ ಎಣಿಸಿದ್ದೆವು. ಆದರೆ ಹಾಸಿಗೆ ಸಾಲದಿದ್ದರೆ ಪಕ್ಕದಲ್ಲೊಂದು ಚಿಕ್ಕ ಡೇರೆ ಹಾಕಿಕೊಳ್ಳಬಹುದು. ಟ್ರೇಲರ್‌ಗೆ ಹೊರುವ ಶಕ್ತಿಯೇ ಸಾಲದಿದ್ದರೆ ಅದಕ್ಕೆ ಮದ್ದಿಲ್ಲ. ಮೂಕಿಯ, ಅಂದರೆ ಟ್ರೇಲರ್ ಅನ್ನು ಗಾಡಿಗೆ ಸೇರಿಸುವ ಮುಂದಿನ ತೋಳಿನ, ಹತ್ತಿರ ಒಂದು ಲೋಹದ ಫಲಕ ಇರುತ್ತದೆ, ಅದರಲ್ಲಿ ಖಾಲಿ ತೂಕ ಮತ್ತು ತುಂಬಿದಾಗಿನ ಗರಿಷ್ಠ ತೂಕ ಎರಡನ್ನೂ ಕೊರೆದಿರುತ್ತಾರೆ. ಒಂದರಿಂದ ಇನ್ನೊಂದನ್ನು ಕಳೆದರೆ ಬರುವ ಅಂಕಿಯೇ ನಿಮಗೆ ಸಿಗುವ ಸಾಮಾನಿನ ತೂಕ.

ಒಂದು ಲೆಕ್ಕ ಹಾಕಿ ನೋಡೋಣ. ಖಾಲಿ ತೂಕ 1250 ಕಿಲೋ, ಗರಿಷ್ಠ 1600 ಎಂದಿಟ್ಟುಕೊಳ್ಳಿ. ಉಳಿದದ್ದು 350. ನೀರಿನ ಟ್ಯಾಂಕ್ 100 ಲೀಟರಿನದಾದರೆ ಅದೇ 100 ಕಿಲೋ ತಿನ್ನುತ್ತದೆ. ತುಂಬಿದ ಎರಡು ಗ್ಯಾಸ್ ಸಿಲಿಂಡರ್‌ಗೆ 35, ತುಂಬಿದ ಫ್ರಿಜ್‌ಗೆ 50, ಸೀಸದ ಬ್ಯಾಟರಿಗೆ 30. ಏಳು ಜನರ ಹಾಸಿಗೆ ಹೊದಿಕೆ 35, ಬಟ್ಟೆಬರೆ ತಲೆಗೆ ಎಂಟು ಕಿಲೋ ಎಂದರೂ 56. ಕುರ್ಚಿ ಮೇಜು 30, ದಿನಸಿ ಮತ್ತು ಪಾತ್ರೆ 50, ಜ್ಯಾಕ್, ಸಲಕರಣೆ, ಎರಡನೆಯ ಸ್ಟೆಪ್ನಿ ಸೇರಿ 40. ಕೂಡಿಸಿದರೆ 426. ಇನ್ನೂ ಮಗುವಿನ ಸೈಕಲ್ ಹತ್ತಿಲ್ಲ, ಆಗಲೇ 76 ಕಿಲೋ ಮೀರಿ ಹೋಯಿತು. ಇಬ್ಬರೇ ಹೋಗುವವರಿಗೆ ಇದೇ ಟ್ರೇಲರ್ ಧಾರಾಳ. ನಿಮಗೆ ಇದರಲ್ಲಿ ನೀರು ಅರ್ಧ ಮಾಡಿದರೂ ಮಿತಿ ಮೀರುತ್ತದೆ.

ಇನ್ನೊಂದು ವಿಷಯ. ಫಲಕದ ಖಾಲಿ ತೂಕ ಕಾರ್ಖಾನೆಯಿಂದ ಹೊರಟಾಗಿನದು. ಹಳೆಯ ಮಾಲೀಕರು ಆಮೇಲೆ ಹಾಕಿಸಿದ ಪೆಟ್ಟಿಗೆ, ಮೇಲಿನ ಕ್ಯಾರಿಯರ್, ಸೋಲಾರ್ ಫಲಕ, ಎರಡನೆಯ ಬ್ಯಾಟರಿ ಯಾವುದೂ ಅದರಲ್ಲಿ ಸೇರಿಲ್ಲ. ಸಾಧ್ಯವಾದರೆ ಮಾತು ಮುಗಿಸುವ ಮುಂಚೆ ವೇಬ್ರಿಡ್ಜ್ ಮೇಲೆ ನಿಲ್ಲಿಸಿ ತೂಗಿಸಿ. ಒಪ್ಪದ ಮಾರಾಟಗಾರನ ಹತ್ತಿರ ನಾನಾದರೆ ಮುಂದಿನ ಮಾತು ಆಡುವುದಿಲ್ಲ.

ಟ್ರೇಲರ್ ಜೊತೆಗೇ ಎಳೆಯುವ ಗಾಡಿಯ ಲೆಕ್ಕವೂ ಇದೆ, ದೊಡ್ಡ ಸಂಸಾರಗಳು ಎಡವುವುದು ಹೆಚ್ಚಾಗಿ ಇಲ್ಲಿಯೇ. ಟ್ರೇಲರ್‌ನ ಒಟ್ಟು ತೂಕದ ಸುಮಾರು ಹತ್ತನೆಯ ಒಂದು ಭಾಗ ಮೂಕಿಯ ಮೂಲಕ ಗಾಡಿಯ ಹಿಂಬದಿಯ ಮೇಲೆ ಕೂರಬೇಕು. ಮುಂಭಾರ, ಹಿಂಭಾರ ಎನ್ನುತ್ತೇವಲ್ಲ, ಅದೇ ಮಾತು. ಹಿಂಭಾರವಾದರೆ ವೇಗ ಏರಿದಾಗ ಟ್ರೇಲರ್ ಬಾಲದಂತೆ ಅತ್ತಿತ್ತ ಬೀಸತೊಡಗುತ್ತದೆ, ಆಗ ಹಿಡಿತಕ್ಕೆ ತರುವುದು ಬಹಳ ಕಷ್ಟ. 1600 ಕಿಲೋ ಟ್ರೇಲರ್‌ಗೆ ಮೂಕಿಯ ಭಾರ 160. ಅದು ಗಾಡಿಯ ಹೊರೆಯ ಲೆಕ್ಕಕ್ಕೆ ಸೇರುತ್ತದೆ. ನೀವು ಏಳು ಜನ ಸೇರಿ 300 ಕಿಲೋ ಆದರೂ ಆಗುತ್ತೀರಿ. ಏಳು ಆಸನದ ಅನೇಕ ಗಾಡಿಗಳು ಹೊರುವುದೇ 600ರಿಂದ 700 ಕಿಲೋ. ಮುಂದಿನ ಕಬ್ಬಿಣದ ಗಾರ್ಡ್, ಮೇಲಿನ ಕ್ಯಾರಿಯರ್ ಹಾಕಿಸಿದ್ದರೆ ಇನ್ನೂ ಕಡಿಮೆ. ಅದರ ಮೇಲೆ, ಮೂರನೆಯ ಸಾಲಿನ ಆಸನವನ್ನು ಕೂರಲು ಬಿಚ್ಚಿ ನಿಲ್ಲಿಸಿದ ಮೇಲೆ ಹಿಂದೆ ಸಾಮಾನು ಇಡಲು ಒಂದು ಮೊಳ ಜಾಗವೂ ಉಳಿಯುವುದಿಲ್ಲ. ಅಂದರೆ ಬೇರೆಯವರು ಗಾಡಿಯಲ್ಲಿ ಇಡುವುದನ್ನೂ ನೀವು ಟ್ರೇಲರ್‌ಗೆ ತುಂಬಬೇಕು. ಗಾಡಿಯ ಕೈಪಿಡಿಯಲ್ಲಿ ಎಳೆಯುವ ಶಕ್ತಿಯ ಜೊತೆ ಗಾಡಿಯ ಗರಿಷ್ಠ ತೂಕ, ಗಾಡಿ ಮತ್ತು ಟ್ರೇಲರ್ ಎರಡೂ ಸೇರಿದ ಗರಿಷ್ಠ ತೂಕ ಇರುತ್ತವೆ. ಮೂರನ್ನೂ ಬರೆದಿಟ್ಟುಕೊಂಡೇ ಟ್ರೇಲರ್ ನೋಡಲು ಹೋಗಿ.

ಈಗ ನಿಮ್ಮ ಎರಡು ಆಯ್ಕೆಗಳು. ಗಟ್ಟಿ ನೆಲದ್ದು ಮೇಲ್ನೋಟಕ್ಕೆ ಚೆಂದ. ಹತ್ತು ಹದಿನೈದು ನಿಮಿಷದಲ್ಲಿ ತೆರೆದುಕೊಳ್ಳುತ್ತದೆ, ಕೆಳಗೆ ಕೆಸರಿದ್ದರೂ ಕಾಲಿಗೆ ತಾಗುವುದಿಲ್ಲ. ಆದರೆ ಏಳು ಹಾಸಿಗೆ ಎಂದು ಎಣಿಸುವಾಗ ಹಿಂದಿನ ಸೋಫಾವನ್ನೂ ಸೇರಿಸಿರುತ್ತಾರೆ: ಸಂಜೆ ಮೇಜು ಇಳಿಸಿ, ಮೆತ್ತೆ ಹೊಂದಿಸಿ ಹಾಸಿಗೆ ಮಾಡಬೇಕು. ನಿಮ್ಮ ಮೂರು ವರ್ಷದ ಮಗು ಏಳು ಗಂಟೆಗೆ ಅಲ್ಲಿ ನಿದ್ದೆಹೋದರೆ ಉಳಿದ ಆರು ಜನ ಎಲ್ಲಿ ಕೂರುತ್ತೀರಿ? ಉಳಿದ ಹಾಸಿಗೆಗಳು ಟ್ರೇಲರ್‌ಗೆ ತಾಗಿ ಹಾಕುವ ಬಟ್ಟೆ ಚಪ್ಪರದ ಗೋಡೆ ಕಟ್ಟಿದ ಮೇಲಷ್ಟೇ ಸಿಗುತ್ತವೆ, ಅದನ್ನು ಕಟ್ಟಲು ಮತ್ತೆ ಅರ್ಧ ಗಂಟೆ. ಹೀಗೆ ಬೇಗ ತೆರೆಯುವ ಲಾಭ ನಿಮ್ಮ ಮಟ್ಟಿಗೆ ಕರಗಿಹೋಗುತ್ತದೆ, ಆದರೆ ಅದರ ಹೆಚ್ಚಿನ ತೂಕ ದಾರಿಯುದ್ದಕ್ಕೂ ಜೊತೆಗೇ ಇರುತ್ತದೆ.

ಬಟ್ಟೆ ನೆಲದ್ದರಲ್ಲಿ ಗೂಟ ಹೊಡೆಯಬೇಕು, ಹಗ್ಗ ಬಿಗಿಯಬೇಕು, ಕಲ್ಲು ಮುಳ್ಳು ಆರಿಸಿ ಜಾಗ ಸಮ ಮಾಡಬೇಕು. ಕೆಲಸ ಹೆಚ್ಚು, ನಿಜ. ಆದರೆ ಹಗುರ. ಮಳೆ ಹಿಡಿದ ದಿನ ಏಳು ಜನ ಒಳಗೆ ಕಾಲು ಚಾಚಿ ಕೂರುವಷ್ಟು ನೆಲ ಸಿಗುತ್ತದೆ, ಅದು ದೊಡ್ಡ ವಿಷಯ. ಹದಿನಾಲ್ಕರ ಮಗುವಿಗೆ ಬೇರೆ ಪುಟ್ಟ ಡೇರೆ ಕೊಟ್ಟುಬಿಡಿ, ಆ ವಯಸ್ಸಿಗೆ ಅದೇ ಇಷ್ಟವಾಗುತ್ತದೆ. ಎರಡೂ ಒಂದೇ ಸ್ಥಿತಿಯಲ್ಲಿದ್ದರೆ ನನ್ನ ಮತ ಬಟ್ಟೆ ನೆಲದ್ದಕ್ಕೆ. ಒಂದೇ ಷರತ್ತು, ಅಡುಗೆ ಕಟ್ಟೆ ಡೇರೆ ಬಿಚ್ಚದೆಯೇ ಹೊರಗೆ ಎಳೆಯುವಂತಿರಬೇಕು. ಹಸಿದ ಐದು ಮಕ್ಕಳನ್ನು ಕಟ್ಟಿಕೊಂಡು ದಾರಿಬದಿಯಲ್ಲಿ ಇಡೀ ಡೇರೆ ಬಿಚ್ಚಲು ಆಗುವುದಿಲ್ಲ.

ಇನ್ನು ನೋಡುವ ದಿನದ ಮಾತು. ಮುಚ್ಚಿದ ಟ್ರೇಲರ್ ನೋಡಿ ಹಣ ಕೊಡಬೇಡಿ. ನಮ್ಮ ಮೊದಲನೆಯದನ್ನು ಮಳೆ ಬರುವ ಹಾಗಿದೆ ಎಂದು ಮಾರಾಟಗಾರ ಬಿಚ್ಚಲೇ ಇಲ್ಲ, ನಾವೂ ಒತ್ತಾಯಿಸಲಿಲ್ಲ. ಮನೆಗೆ ತಂದು ತೆರೆದಾಗ ಮುಗ್ಗಲು ವಾಸನೆ ಮುಖಕ್ಕೆ ಬಡಿಯಿತು. ಮಕ್ಕಳು ತಲೆಯಿಟ್ಟು ಮಲಗುವ ಕಡೆಯ ಗೋಡೆಯ ಮೇಲೆ ಕರಿ ಎಳ್ಳು ಚೆಲ್ಲಿದ ಹಾಗೆ ಬೂಷ್ಟಿನ ಚುಕ್ಕೆಗಳು. ಉಜ್ಜಿದೆವು, ಬಿಸಿಲಿಗೆ ಹಾಕಿದೆವು, ಚುಕ್ಕೆ ಹೋಗಲಿಲ್ಲ, ವಾಸನೆಯೂ ಹೋಗಲಿಲ್ಲ. ಎರಡನೆಯ ರಾತ್ರಿಯೇ ಚಿಕ್ಕವಳಿಗೆ ಕೆಮ್ಮು ಹತ್ತಿತು. ಕೊನೆಗೆ ಡೇರೆ ಹೊಲಿಯುವವರಿಂದ ಆ ಗೋಡೆಯನ್ನೇ ಹೊಸದಾಗಿ ಹಾಕಿಸಬೇಕಾಯಿತು. ಒದ್ದೆ ಕ್ಯಾನ್ವಾಸನ್ನು ಮಡಚಿ ಕೆಲವು ದಿನ ಹಾಗೆಯೇ ಬಿಟ್ಟರೆ ಸಾಕು, ಇಷ್ಟಾಗುತ್ತದೆ.

ಹಾಗಾಗಿ ಮಾರುವವರೇ ಅದನ್ನು ಪೂರ್ತಿ ಬಿಚ್ಚಲಿ, ನೀವು ಗಡಿಯಾರ ನೋಡುತ್ತ ಸುಮ್ಮನೆ ನಿಂತಿರಿ. ತಿಣುಕುವ ಜಿಪ್ ಯಾವುದು, ಬಾಗಿದ ಕಂಬ ಯಾವುದು ಎಂಬುದು ಆಗಲೇ ಕಣ್ಣಿಗೆ ಬೀಳುತ್ತದೆ. ಛಾವಣಿಯ ಹೊಲಿಗೆಯ ಹತ್ತಿರ, ಬಿಸಿಲು ಹೆಚ್ಚು ಬಿದ್ದ ಕಡೆ, ಬಟ್ಟೆಯನ್ನು ಎರಡೂ ಕೈಯ ಬೆರಳಲ್ಲಿ ಹಿಡಿದು ಜಗ್ಗಿ. ಕಾಗದದಂತೆ ಸದ್ದು ಮಾಡಿದರೆ, ಎಳೆ ಬಿಟ್ಟುಕೊಂಡರೆ ಬಿಸಿಲು ಅದರ ಆಯುಸ್ಸು ತಿಂದಿದೆ. ಪೈಪಿನಿಂದ ಹತ್ತು ನಿಮಿಷ ನೀರು ಬಿಟ್ಟು ಒಳಗೆ ನಿಂತು ನೋಡಿ. ಸೂಜಿ ತೂತಿನಲ್ಲಿ ಒಂದೆರಡು ಹನಿ ಬಂದರೆ ಮೇಣ ಹಚ್ಚಿ ಸರಿಪಡಿಸಬಹುದು, ಧಾರೆಯಾಗಿ ಇಳಿದರೆ ಬೇಡ. ನೀರಿನ ಪರೀಕ್ಷೆ ಮಾಡಿದ್ದರೆ ಮನೆಗೆ ಬಂದ ದಿನವೇ ಬಿಚ್ಚಿ ಒಣಗಿಸುವುದನ್ನು ಮರೆಯಬೇಡಿ. ಕೊನೆಗೆ ಮಡಚುವ ಕೆಲಸ ನೀವೇ ಮಾಡಿ, ಆದರೆ ಒಬ್ಬರೇ. ಕಾಡಿನಲ್ಲಿ ಇನ್ನೊಬ್ಬರ ಕೈಯಲ್ಲಿ ಮಗು ಇರುತ್ತದೆ.

ಆಮೇಲೆ ಚಾಪೆ ಹಾಸಿಕೊಂಡು, ಟಾರ್ಚ್ ಹಿಡಿದು ಅಡಿಗೆ ಹೋಗಿ. ಮೂಕಿ ಟ್ರೇಲರ್‌ನ ಒಡಲಿಗೆ ಸೇರುವ ಜಾಗ, ಸ್ಪ್ರಿಂಗ್ ಚಾಸಿಗೆ ಕೂಡುವ ಜಾಗ, ಇವೆರಡನ್ನು ಅಂಗುಲ ಅಂಗುಲ ನೋಡಬೇಕು. ಬಿರುಕು ಸಾಮಾನ್ಯವಾಗಿ ವೆಲ್ಡಿಂಗ್ ಮುಗಿಯುವ ತುದಿಯಿಂದ ಹೊರಡುತ್ತದೆ, ಬಣ್ಣದ ಮೇಲೆ ಕೂದಲಿನಷ್ಟು ತೆಳುವಾದ ತುಕ್ಕಿನ ಗೆರೆಯಾಗಿ ಕಾಣುತ್ತದೆ. ಉಳಿದೆಲ್ಲ ಕಡೆ ಧೂಳಿದ್ದು ಅಲ್ಲಿ ಮಾತ್ರ ಹೊಸ ಬಣ್ಣ ಇದ್ದರೆ ಏಕೆ ಎಂದು ಕೇಳಿ. ಚೌಕ ಕೊಳವೆಯ ಚಾಸಿ ಒಳಗಿನಿಂದ ತುಕ್ಕು ಹಿಡಿಯುತ್ತದೆ, ಸಮುದ್ರ ತೀರ ಓಡಾಡಿದ್ದರಲ್ಲಂತೂ ಹೆಚ್ಚು. ಚಿಕ್ಕ ಸುತ್ತಿಗೆಯಿಂದ ತಟ್ಟುತ್ತ ಹೋದರೆ ಗಟ್ಟಿ ಉಕ್ಕು ಟಣ್ ಎನ್ನುತ್ತದೆ, ತಿಂದುಹೋದದ್ದು ಮಂಕಾಗಿ ಉತ್ತರಿಸುತ್ತದೆ.

ಲೀಫ್ ಸ್ಪ್ರಿಂಗ್ ಇದ್ದರೆ ಹಳೆಯದು ಎಂದು ಮೂಗು ಮುರಿಯಬೇಡಿ, ಅದನ್ನು ಎಲ್ಲಿ ಬೇಕಾದರೂ ದುರಸ್ತಿ ಮಾಡಬಹುದು. ಪ್ರತಿ ಚಕ್ರಕ್ಕೂ ಬೇರೆ ತೋಳು, ಕಾಯಿಲ್ ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಇರುವ ಜೋಡಣೆ ಕಚ್ಚಾ ದಾರಿಯಲ್ಲಿ ಮೆತ್ತಗೆ ಸಾಗುತ್ತದೆ, ಆದರೆ ತೋಳಿನ ಕೀಲಿನಲ್ಲಿರುವ ಬುಷ್ ಸವೆದಿದೆಯೇ, ಶಾಕ್‌ನಿಂದ ಎಣ್ಣೆ ಸೋರಿದೆಯೇ ನೋಡಿ. ಟೈರ್ ಒಂದೇ ಅಂಚಿನಲ್ಲಿ ಸವೆದಿದ್ದರೆ ಅಚ್ಚು ಬಾಗಿರಬಹುದು ಅಥವಾ ಚಕ್ರದ ನೇರ ತಪ್ಪಿರಬಹುದು. ಟೈರ್ ಪಕ್ಕದಲ್ಲಿ ನಾಲ್ಕು ಅಂಕಿ ಅಚ್ಚಾಗಿರುತ್ತದೆ: 3218 ಎಂದರೆ 2018ರ 32ನೆಯ ವಾರದಲ್ಲಿ ತಯಾರಾದದ್ದು. ನಿಂತೇ ಇದ್ದ ಟ್ರೇಲರ್‌ನ ಟೈರ್ ಹೊಸದರಂತೆ ಕಂಡರೂ ರಬ್ಬರ್ ಒಳಗೇ ಹಳೆಯದಾಗಿರುತ್ತದೆ. ಆರೇಳು ವರ್ಷ ದಾಟಿದ್ದರೆ ಬದಲಾಯಿಸುವ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ಚಕ್ರ ನಿಮ್ಮ ಗಾಡಿಯ ಚಕ್ರಕ್ಕೆ ಹೊಂದುವಂತಿದ್ದರೆ ದೊಡ್ಡ ಅನುಕೂಲ, ಒಂದರ ಸ್ಟೆಪ್ನಿ ಇನ್ನೊಂದಕ್ಕೆ ಆಗುತ್ತದೆ.

ಬೇರಿಂಗ್ ಬಗ್ಗೆ ಮಾತ್ರ ಯಾರ ಮಾತನ್ನೂ ನಂಬಬೇಡಿ. ಜ್ಯಾಕ್ ಹಾಕಿ ಚಕ್ರ ಎತ್ತಿ ಕೈಯಿಂದ ತಿರುಗಿಸಿ. ಗರಗರ ಸದ್ದು ಬರಬಾರದು. ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದರೆ ಸಡಿಲ ಇರಬಾರದು. ನಮ್ಮ ಎರಡನೆಯ ಟ್ರೇಲರ್‌ನಲ್ಲಿ ಎರಡೂ ಚೆನ್ನಾಗಿಯೇ ಇತ್ತು. ಆದರೂ ಹಬ್ಬಿನ, ಅಂದರೆ ಬೇರಿಂಗ್ ಕೂರುವ ಚಕ್ರದ ನಡುಭಾಗದ, ಮುಚ್ಚಳ ತೆಗೆಸಿ ನೋಡಿದಾಗ ಗ್ರೀಸ್ ಹಾಲು ಬೆರೆತಂತೆ ಬೆಳ್ಳಗಾಗಿತ್ತು. ಓಡಿ ಬಿಸಿಯಾದ ಹಬ್ಬನ್ನು ತಣ್ಣನೆಯ ಹೊಳೆಗೆ ಇಳಿಸಿದರೆ ಒಳಗಿನ ಗಾಳಿ ಕುಗ್ಗಿ ನೀರನ್ನು ಒಳಗೆಳೆದುಕೊಳ್ಳುತ್ತದೆ. ಅದೇ ಆಗಿತ್ತು. ಬೇರಿಂಗ್, ಸೀಲ್ ಎರಡನ್ನೂ ಬದಲಾಯಿಸಿಯೇ ಹೊರಟೆವು. ಇಂದಿಗೂ ಗ್ರೀಸ್ ತುಂಬಿದ ಒಂದು ಜೊತೆ ಬೇರಿಂಗ್ ಡಬ್ಬಿಯಲ್ಲಿ ಇಟ್ಟುಕೊಂಡೇ ಹೋಗುತ್ತೇನೆ.

ಮೂಕಿಯ ಕೊಂಡಿ ಬರೀ ಗಾಡಿಯ ಹಿಂದಿನ ಲೋಹದ ಗುಂಡಿನ ಮೇಲೆ ಕೂರುವಂಥದ್ದಾದರೆ ಹಳ್ಳಕೊಳ್ಳದಲ್ಲಿ ಅದು ತಿರುಗುವುದಕ್ಕೆ ಮಿತಿಯಿದೆ. ಸುತ್ತ ತಿರುಗುವ ಆಫ್ ರೋಡ್ ಕೊಂಡಿಯೇ ಬೇಕು, ಜೊತೆಗೆ ಸುರಕ್ಷತಾ ಸರಪಳಿ. ಅನೇಕ ದೇಶಗಳಲ್ಲಿ 750 ಕಿಲೋ ಮೀರಿದ ಟ್ರೇಲರ್‌ಗೆ ಅದರದೇ ಬ್ರೇಕ್ ಕಡ್ಡಾಯ. ವಿದ್ಯುತ್ ಬ್ರೇಕ್ ಆದರೆ ನಿಮ್ಮ ಗಾಡಿಯಲ್ಲಿ ಅದರ ಕಂಟ್ರೋಲರ್ ಹಾಕಿಸಬೇಕಾಗುತ್ತದೆ, ಅದನ್ನೂ ಖರ್ಚಿಗೆ ಸೇರಿಸಿ. ಗ್ಯಾಸ್ ಕೀಲುಗಳಿಗೆ ಸೋಪಿನ ನೀರು ಹಚ್ಚಿ ಗುಳ್ಳೆ ಏಳುತ್ತದೆಯೇ ನೋಡಿ. ಬ್ಯಾಟರಿ, ದೀಪ, ನೀರಿನ ಪಂಪು ಕೆಟ್ಟಿದ್ದರೂ ಅದಕ್ಕಾಗಿ ಒಳ್ಳೆಯ ಟ್ರೇಲರ್ ಬಿಡಬೇಡಿ, ಅವೆಲ್ಲ ಸುಲಭದ ರಿಪೇರಿ. ಪೆಟ್ಟಿಗೆಗಳ ಮೂಲೆಯಲ್ಲಿ ನುಣ್ಣನೆಯ ಕೆಂಧೂಳು ಇದ್ದರೆ ಬಾಗಿಲಿನ ರಬ್ಬರ್ ಪಟ್ಟಿ ಹೋಗಿದೆ ಎಂದರ್ಥ. ಎಂಥ ದಾರಿಯಲ್ಲಿ ಓಡಿದೆ ಎಂಬುದನ್ನೂ ಅದೇ ಧೂಳು ಹೇಳುತ್ತದೆ. ಚಾಸಿ ಸಂಖ್ಯೆ ಕಾಗದಪತ್ರದ ಸಂಖ್ಯೆಗೆ ತಾಳೆಯಾಗದಿದ್ದರೆ ಅಲ್ಲಿಗೇ ನಿಲ್ಲಿಸಿ.

ಎರಡೂ ಟ್ರೇಲರ್‌ಗಳ ತೂಕದ ಫಲಕ, ಟೈರಿನ ನಾಲ್ಕು ಅಂಕಿ ಮತ್ತು ಮೂಕಿಯ ಬುಡದ ಫೋಟೊ ತರಿಸಿ ಇಲ್ಲಿ ಹಾಕಿ, ಜೊತೆಗೆ ನಿಮ್ಮ ಗಾಡಿಯ ಮಾದರಿ ಮತ್ತು ವರ್ಷ. ನೀವು ನೋಡಲು ಹೋಗುವ ಮುಂಚೆಯೇ ಲೆಕ್ಕ ಕೂಡಿಸಿ ಹೇಳುತ್ತೇನೆ.