ಲೈಟ್‌ರೂಮಾ, ಡಾರ್ಕ್‌ಟೇಬಲಾ?

ಜಯನಗರದ ಕಡೆ ಮದುವೆ ಫೋಟೋ ತೆಗೆಯುತ್ತೀರಿ, ಒಂದು ಮದುವೆಗೆ 2000 ರಾ ಫೈಲ್ (ಕ್ಯಾಮೆರಾ ಹಾಗೇ ಕೊಡುವ ಮೂಲ ಫೈಲ್), ಲ್ಯಾಪ್‌ಟಾಪ್‌ನ ರ‍್ಯಾಮ್ 8 ಜಿಬಿ. ಫೋಟೋ ಎಡಿಟ್ ಮಾಡಲು ಅಡೋಬಿಯ ಲೈಟ್‌ರೂಮ್‌ಗೆ ತಿಂಗಳ ದುಡ್ಡು ಕಟ್ಟಬೇಕಾ, ಫ್ರೀ ಸಿಗುವ ಡಾರ್ಕ್‌ಟೇಬಲ್ ಸಾಕಾ ಅಂತ ಕೇಳಿದ್ದೀರಿ.

ಮದುವೆ ಕೆಲಸಕ್ಕಾದರೆ ನನ್ನ ಓಟು ಲೈಟ್‌ರೂಮ್ ಕ್ಲಾಸಿಕ್‌ಗೆ. ಬರೀ 'ಲೈಟ್‌ರೂಮ್' ಅಂತ ಇರುವುದು ಬೇರೆ, ನೋಡಿ ತಗೊಳ್ಳಿ. ನಮ್ಮ ಕಲ್ಯಾಣ ಮಂಟಪಗಳ ಬೆಳಕು ಗೊತ್ತಲ್ಲ? ಸ್ಟೇಜ್ ಮೇಲೆ ನೇರಳೆ ಎಲ್‌ಇಡಿ, ಪಕ್ಕದಲ್ಲಿ ವಿಡಿಯೋದವರ ಲೈಟು. ಒಂದು ಫೋಟೋದಲ್ಲಿ ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿಯಾಗಿಯೇ ಕಾಣುವ ಹಾಗೆ ಬಣ್ಣದ ಹೊಂದಾಣಿಕೆ) ಸರಿ ಮಾಡಿ, ಅದೇ ಬೆಳಕಿನ ಉಳಿದವಕ್ಕೆಲ್ಲ ಸಿಂಕ್ ಮಾಡುವುದು ಇದರಲ್ಲಿ ಸಲೀಸು. ಡಾರ್ಕ್‌ಟೇಬಲ್‌ನಲ್ಲೂ ಹಾಗೆ ಕಾಪಿ ಮಾಡಬಹುದು, ಬಣ್ಣದ ಮೇಲೆ ಹಿಡಿತ ಜಾಸ್ತಿಯೇ ಸಿಗುತ್ತದೆ. ಆದರೆ ಕಲಿಯಲು ತಾಳ್ಮೆ ಬೇಕು. ಮದುವೆ ಸೀಸನ್ ಮಧ್ಯೆ ಅದು ಬೇಡ.

8 ಜಿಬಿಗೆ ಒಂದು ಉಪಾಯ ಇದೆ. ಇಂಪೋರ್ಟ್ ಮಾಡುವಾಗ ಪ್ರಿವ್ಯೂ ಆಯ್ಕೆಯಲ್ಲಿ 'ಎಂಬೆಡೆಡ್ ಅಂಡ್ ಸೈಡ್‌ಕಾರ್' ಇಡಿ. ಕ್ಯಾಮೆರಾ ಆಗಲೇ ಮಾಡಿಟ್ಟ ಜೆಪೆಗ್ ತೋರಿಸುವುದರಿಂದ ಫೋಟೋ ಆರಿಸುವುದು ಬೇಗ ಮುಗಿಯುತ್ತದೆ. ಆರಿಸಿದವಕ್ಕೆ ಮಾತ್ರ ಸ್ಮಾರ್ಟ್ ಪ್ರಿವ್ಯೂ, ಅಂದರೆ ಎಡಿಟ್ ಮಾಡಬಹುದಾದ ಚಿಕ್ಕ ಪ್ರತಿ, ಮಾಡಿ. ಅದರ ಉದ್ದದ ಬದಿ 2560 ಪಿಕ್ಸೆಲ್ ಅಷ್ಟೇ, ಹಾಗಾಗಿ ಲ್ಯಾಪ್‌ಟಾಪ್ ಏದುಸಿರು ಬಿಡುವುದಿಲ್ಲ. ಪ್ರಿಫರೆನ್ಸಸ್‌ನ ಪರ್ಫಾರ್ಮೆನ್ಸ್‌ನಲ್ಲಿ ಎಡಿಟಿಂಗ್‌ಗೆ ಅದನ್ನೇ ಬಳಸು ಅಂತ ಟಿಕ್ ಹಾಕಬೇಕು. ರ‍್ಯಾಮ್ ಹಾಕಲು ಸ್ಲಾಟ್ ಇದ್ದರೆ ಎಸ್‌ಪಿ ರೋಡಿನ ಕಂಪ್ಯೂಟರ್ ಅಂಗಡಿಗೆ ಹೋಗಿ 16 ಮಾಡಿಸಿಬಿಡಿ.

ಇನ್ನೊಂದು ವಿಷಯ. ಲೈಟ್‌ರೂಮ್‌ನ ಎಡಿಟ್ ಡಾರ್ಕ್‌ಟೇಬಲ್‌ಗೆ ಪೂರ್ತಿ ಬರುವುದಿಲ್ಲ. ಮುಂದೆ ಬದಲಾಯಿಸುವ ಯೋಚನೆ ಇದ್ದರೆ, ಮುಗಿದ ಮದುವೆಗಳನ್ನು ಫುಲ್ ಸೈಜ್ ಜೆಪೆಗ್ ಮಾಡಿ ಬೇರೆ ಡಿಸ್ಕ್‌ನಲ್ಲಿ ಇಟ್ಟುಕೊಳ್ಳಿ.