ಕಪ್ಪು (ಶುದ್ಧಮಾಡದ) ಫಾಸ್ಫಾರಿಕ್ ಆಮ್ಲವನ್ನು ದ್ರಾವಕದಿಂದ ಶುದ್ಧಮಾಡಿ ಡ್ರಿಪ್‌ಗೆ ಬಿಡಬಹುದೇ?
ಕೊಪ್ಪಳದ ದಾಳಿಂಬೆ ತೋಟದಲ್ಲಿ ಮಾಡುವ ಕೆಲಸವಲ್ಲ ಇದು. ಡ್ರಿಪ್‌ಗೆ ಶುದ್ಧ 85% ಆಮ್ಲವನ್ನೇ ಕೊಳ್ಳಿ. ಕಪ್ಪು ಆಮ್ಲದಲ್ಲಿರುವ ಕಬ್ಬಿಣ, ಅಲ್ಯೂಮಿನಿಯಂ, ಮೆಗ್ನೀಷಿಯಂ ಫಾಸ್ಫೇಟಾಗಿ ಗಟ್ಟಿಕಟ್ಟಿ ಡ್ರಿಪ್ಪರ್ ಮುಚ್ಚುತ್ತವೆ.

ಕಾರ್ಖಾನೆಯಲ್ಲಿ ಮೊದಲು ಫಾಸ್ಫೇಟ್ ಶಿಲೆಯ ಪುಡಿ ಹಾಕಿ ಸಲ್ಫೇಟನ್ನು ಜಿಪ್ಸಂ ಆಗಿಸಿ, ಸೋಡಿಯಂ ಸಲ್ಫೈಡಿನಿಂದ ಆರ್ಸೆನಿಕ್ ಇಳಿಸಿ ಸೋಸುತ್ತಾರೆ. ಸೋಸುವುದು ಸಡಿಲವಾದರೆ ಮುಂದೆ ದ್ರಾವಕ ಬೆರೆಸಿದಾಗ ಆಮ್ಲ ಮತ್ತು ದ್ರಾವಕದ ಪದರಗಳ ನಡುವೆ ಕೆಸರು ನಿಂತು, ಅವು ಸರಿಯಾಗಿ ಬೇರೆಯಾಗುವುದಿಲ್ಲ. ಆಮ್ಲವೂ ಸಾಂದ್ರವಾಗಿರಬೇಕು, ನೀರು ಹೆಚ್ಚಿ ತೆಳುವಾದರೆ ಮೀಥೈಲ್ ಐಸೊಬ್ಯುಟೈಲ್ ಕೀಟೋನ್ ಎಂಬ ದ್ರಾವಕ ಅದನ್ನು ಸರಿಯಾಗಿ ಎಳೆದುಕೊಳ್ಳದು. ಎರಡನ್ನೂ ಎದುರುಬದುರು ಹರಿಸಿದಾಗ ಆಮ್ಲ ಮೇಲಿನ ದ್ರಾವಕಕ್ಕೆ ಹೋಗುತ್ತದೆ, ಲೋಹಗಳು ಬಹುಪಾಲು ಕೆಳಗೇ ಉಳಿಯುತ್ತವೆ. ದ್ರಾವಕವನ್ನು ಸ್ವಲ್ಪ ಶುದ್ಧ ಆಮ್ಲದಿಂದ ತೊಳೆದು, ನೀರಿನಿಂದ ಆಮ್ಲ ಬಿಡಿಸಿ, ಆ ಆಮ್ಲಕ್ಕೆ ಉಗಿ ಹಾಯಿಸಿ ಉಳಿದ ದ್ರಾವಕದ ವಾಸನೆ ತೆಗೆಯುತ್ತಾರೆ.

ಈ ದ್ರಾವಕದ ಆವಿಗೆ ಸುಮಾರು 14 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕಿಡಿಯಿಂದ ಬೆಂಕಿ ಹತ್ತುತ್ತದೆ. ರಾಯಚೂರು ಸೀಮೆಯ ಬೇಸಿಗೆಯಲ್ಲಿ ತೆರೆದ ಡ್ರಮ್ಮಿನಲ್ಲಿ ಪ್ರಯತ್ನಿಸಲೇಬೇಡಿ.