‘ಐ ವಾಸ್ ವೆಂಟ್’ ಯಾಕೆ ತಪ್ಪು? ನಮ್ಮ ‘ಹೋಗಿದ್ದೆ’ಯನ್ನೇ ಬಿಡಿಸಿ ನೋಡಿ

ನೀವು ಎರಡು ವಿಷಯ ಕೇಳಿದ್ದೀರಿ. ‘ಐ ವಾಸ್ ಗೋಯಿಂಗ್’ ಸರಿ ಅಂತಾರೆ, ‘ಐ ವಾಸ್ ವೆಂಟ್’ ತಪ್ಪು ಅಂತಾರೆ, ಯಾಕೆ? ಇನ್ನೊಂದು, ಎದುರಿಗೆ ಒಬ್ಬರೇ ಇದ್ದರೂ ‘ಯು ವರ್’ ಅಂತ ಯಾಕೆ ಹೇಳಬೇಕು?

ನಾನೂ ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂನಲ್ಲೇ ಓದಿದವನು. ಯಾವುದಕ್ಕೆ ವಾಸ್, ಯಾವುದಕ್ಕೆ ವರ್ ಅನ್ನುವ ಪಟ್ಟಿ ನನಗೆ ಬಾಯಿಪಾಠ ಇತ್ತು. ಆದರೂ ಮಾತಿಗೆ ನಿಂತರೆ ತಪ್ಪುತ್ತಿತ್ತು. ಯಾಕೆ ಅಂತ ತಿಳಿದದ್ದು ಇಂಗ್ಲಿಷ್ ಬಿಟ್ಟು ಕನ್ನಡದ ಕಡೆ ನೋಡಿದ ಮೇಲೆ.

ಒಂದು ಹಾಳೆ ತಗೊಂಡು ಎರಡು ಪದ ಬಿಡಿಸಿ ಬರೆಯಿರಿ. ಹೋಗುತ್ತಿದ್ದೆ ಅಂದರೆ ಹೋಗುತ್ತ + ಇದ್ದೆ. ಹೋಗಿದ್ದೆ ಅಂದರೆ ಹೋಗಿ + ಇದ್ದೆ. ಎರಡರ ಹೊಟ್ಟೆಯಲ್ಲೂ ‘ಇದ್ದೆ’ ಕೂತಿದೆ, ಅಲ್ವಾ? ಸ್ಕೂಲಿನಲ್ಲಿ ವಾಸ್ ಅಂದರೆ ‘ಇದ್ದೆ, ಇದ್ದನು, ಇತ್ತು’ ಅಂತ ಹೇಳಿಕೊಟ್ಟಿರುತ್ತಾರೆ. ಹಾಗಾಗಿ ಕನ್ನಡದಲ್ಲಿ ‘ಇದ್ದೆ’ ಸುಳಿದ ಕಡೆಯೆಲ್ಲ ನಮ್ಮ ಬಾಯಿಗೆ ವಾಸ್ ಬಂದುಬಿಡುತ್ತದೆ. ‘ಏನಾಗಿತ್ತು?’ ಅನ್ನೋದು ‘ವಾಟ್ ವಾಸ್ ಹ್ಯಾಪನ್ಡ್?’ ಆಗುತ್ತದೆ. ‘ನನಗೆ ಗೊತ್ತಿತ್ತು’ ಅನ್ನೋದು ‘ಐ ವಾಸ್ ನೋಯಿಂಗ್’ ಆಗುತ್ತದೆ. ‘ಜ್ವರ ಇತ್ತು’ ಅನ್ನೋದು ‘ಐ ವಾಸ್ ಹ್ಯಾವಿಂಗ್ ಫೀವರ್’. ಮೂರಕ್ಕೂ ವಾಸ್ ಬೇಡ. ‘ವಾಟ್ ಹ್ಯಾಪನ್ಡ್?’, ‘ಐ ನ್ಯೂ’, ‘ಐ ಹ್ಯಾಡ್ ಎ ಫೀವರ್’ ಅಂದರೆ ಸಾಕು.

‘ವೆಂಟ್’ ಅನ್ನುವ ಪದದೊಳಗೇ ಮುಗಿದುಹೋದ ಕಾಲ ಇದೆ. ಅದರ ಹಿಂದೆ ವಾಸ್ ಇಡುವುದಕ್ಕೆ ಜಾಗವೇ ಇಲ್ಲ. ಹೋಗುತ್ತಿದ್ದೆ, ತಿನ್ನುತ್ತಿದ್ದೆ, ಓದುತ್ತಿದ್ದೆ ಅನ್ನುವಾಗ, ಅಂದರೆ ಆ ಹೊತ್ತಿಗೆ ಕೆಲಸ ನಡೀತಾ ಇತ್ತು ಅನ್ನುವಾಗ, ವಾಸ್ ಜೊತೆ ‘ಇಂಗ್’ ಹಾಕಿ. ಹೋಗಿದ್ದೆ, ತಿಂದಿದ್ದೆ, ಹೇಳಿದ್ದೆ ಅನ್ನುವಾಗ ಆ ‘ಇದ್ದೆ’ಯನ್ನು ಕನ್ನಡದಲ್ಲೇ ಬಿಟ್ಟುಬಿಡಿ. ‘ನಿನ್ನೆ ಮೈಸೂರಿಗೆ ಹೋಗಿದ್ದೆ’ ಅಂದರೆ ಹೋಗಿ ವಾಪಸ್ ಬಂದೆ ಅಂತ ನಮಗೆ ಕೇಳಿಸುತ್ತದೆ. ಇಂಗ್ಲಿಷಿನಲ್ಲಿ ಅದಕ್ಕೆ ‘ಐ ವೆಂಟ್ ಟು ಮೈಸೂರು’ ಅಷ್ಟೇ. ‘ಐ ಹ್ಯಾಡ್ ಗಾನ್’ ಅನ್ನುವುದೂ ಅಲ್ಲಿ ಬೇಡ. ‘ನಾನು ಸ್ಟ್ಯಾಂಡಿಗೆ ಬರುವಷ್ಟರಲ್ಲಿ ಬಸ್ಸು ಹೋಗಿತ್ತು’ ಅನ್ನುವ ಹಾಗೆ, ಒಂದು ಆಗುವ ಮೊದಲೇ ಇನ್ನೊಂದು ಮುಗಿದುಹೋಗಿದ್ದರೆ, ಮೊದಲು ಮುಗಿದದ್ದಕ್ಕೆ ‘ಹ್ಯಾಡ್’ ತನ್ನಿ.

ಇನ್ನು, ವಾಸ್ ಮುಂದೆ ಕ್ರಿಯಾಪದದ ಮೂರನೇ ರೂಪ (ಸ್ಟೀಲ್, ಸ್ಟೋಲ್, ಸ್ಟೋಲನ್ ಅನ್ನುವಾಗ ಕೊನೆಯದು) ಬಂದರೆ ಸ್ವಲ್ಪ ಹುಷಾರಾಗಿರಬೇಕು. ಅಲ್ಲಿ ಅರ್ಥವೇ ತಿರುವುಮುರುವು ಆಗುತ್ತದೆ. ಇದು ನನಗೆ ಚೆನ್ನಾಗಿ ಗೊತ್ತು, ಯಾಕೆಂದರೆ ಅನುಭವಿಸಿದ್ದೇನೆ. ಬೆಂಗಳೂರಿನಲ್ಲಿ ಔಷಧಿ ಸಪ್ಲೈ ಮಾಡುವ ಒಂದು ಕಂಪನಿಯ ಡಿಸ್ಪ್ಯಾಚ್‌ನಲ್ಲಿ ಕೆಲಸಕ್ಕೆ ಸೇರಿ ಆಗಷ್ಟೇ ಎರಡು ತಿಂಗಳಾಗಿತ್ತು. ಚೆನ್ನೈನಿಂದ ಫೋನ್ ಬಂತು. ಲೋಡ್ ತಡ ಆಗುತ್ತೆ ಅಂತ ಗೋಡೌನಿನವರಿಗೆ ತಿಳಿಸಿದ್ದಿರಾ ಅಂತ ಇಂಗ್ಲಿಷಿನಲ್ಲಿ ಕೇಳಿದರು. ಹಿಂದಿನ ದಿನ ಸಂಜೆಯೇ ನಾನು ಫೋನ್ ಮಾಡಿ ತಿಳಿಸಿದ್ದೆ. ಆ ‘ತಿಳಿಸಿದ್ದೆ’ ತಲೆಯಲ್ಲಿ ಇಟ್ಟುಕೊಂಡು ‘ಯೆಸ್ ಸರ್, ಐ ವಾಸ್ ಇನ್‌ಫಾರ್ಮ್ಡ್’ ಅಂದೆ. ಅವರು ‘ಹೂ ಇನ್‌ಫಾರ್ಮ್ಡ್ ಯು?’ ಅಂದರು. ನನಗೆ ಪ್ರಶ್ನೆಯೇ ಅರ್ಥ ಆಗಲಿಲ್ಲ. ಮತ್ತೆ ಅದನ್ನೇ ಹೇಳಿದೆ, ಇನ್ನೂ ಸ್ವಲ್ಪ ಜೋರಾಗಿ. ‘ಐ ವಾಸ್ ಇನ್‌ಫಾರ್ಮ್ಡ್’ ಅಂದರೆ ನನಗೆ ಯಾರೋ ತಿಳಿಸಿದ್ದರು ಅಂತ. ವಿಷಯ ಗೊತ್ತಿದ್ದೂ ನಾನು ಯಾರಿಗೂ ಹೇಳದೆ ಕೂತಿದ್ದೆ ಅಂತ ಅವರು ತಿಳಿದುಕೊಂಡರು. ನಮ್ಮ ಸೂಪರ್‌ವೈಸರ್‌ಗೆ ಮೇಲ್ ಹೋಯಿತು. ಮಾಡಿದ ಕೆಲಸವನ್ನೇ ಮಾಡಿಲ್ಲ ಅನ್ನಿಸಿಕೊಂಡ ಆ ದಿನ ಊಟ ಸೇರಲಿಲ್ಲ. ‘ಐ ಇನ್‌ಫಾರ್ಮ್ಡ್ ದೆಮ್’ ಅಂದಿದ್ದರೆ ಅಲ್ಲಿಗೆ ಮುಗಿದಿತ್ತು.

ಹಾಗಾದರೆ ಈ ಮೂರನೇ ರೂಪ ಎಲ್ಲಿ ಬೇಕು? ಪಾಠದಲ್ಲಿ ‘ಪತ್ರವು ಬರೆಯಲ್ಪಟ್ಟಿತು’ ಅಂತ ಕಲಿಸುತ್ತಾರೆ. ನಾವು ಯಾರೂ ಮನೆಯಲ್ಲಿ ಹಾಗೆ ಮಾತಾಡುವುದಿಲ್ಲ. ನಾವು ‘ಟ್ರೇನ್ ಕ್ಯಾನ್ಸಲ್ ಮಾಡಿದ್ರು’, ‘ನನ್ನ ಫೋನ್ ಕದ್ದುಬಿಟ್ರು’, ‘ನನ್ನನ್ನ ಇಂಟರ್‌ವ್ಯೂಗೆ ಕರೆದಿದ್ರು’ ಅಂತೀವಿ. ಯಾರು ಅಂತ ಹೇಳುವುದಿಲ್ಲ, ಸುಮ್ನೆ ‘ರು’ ಹಚ್ಚುತ್ತೇವೆ. ಆ ಹೆಸರಿಲ್ಲದ ‘ರು’ ಬಂದಾಗ ಇಂಗ್ಲಿಷಿನಲ್ಲಿ ವಾಸ್ ಬರುತ್ತದೆ: ‘ದ ಟ್ರೇನ್ ವಾಸ್ ಕ್ಯಾನ್ಸಲ್ಡ್’, ‘ಮೈ ಫೋನ್ ವಾಸ್ ಸ್ಟೋಲನ್’, ‘ಐ ವಾಸ್ ಕಾಲ್ಡ್ ಫಾರ್ ಆ್ಯನ್ ಇಂಟರ್‌ವ್ಯೂ’. ಹುಟ್ಟುವುದೂ ಈ ಗುಂಪಿನದೇ. ನಮ್ಮಲ್ಲಿ ಮಗು ತಾನೇ ಹುಟ್ಟುತ್ತದೆ, ಅದಕ್ಕೆ ‘ಐ ಬಾರ್ನ್ ಇನ್ ಹಾಸನ’ ಅಂದುಬಿಡುತ್ತೇವೆ. ಇಂಗ್ಲಿಷಿನ ‘ಬಾರ್ನ್’ ಬಂದದ್ದು ಹೊರುವುದು, ಹೆರುವುದು ಅನ್ನುವ ಅರ್ಥದ ‘ಬೇರ್’ನಿಂದ. ಹೆತ್ತವಳು ತಾಯಿ. ಅದಕ್ಕೇ ‘ಐ ವಾಸ್ ಬಾರ್ನ್’.

‘ಇಂಗ್’ ಹಾಕುವ ಕಡೆಯೂ ಒಂದು ಗುಂಡಿ ಇದೆ. ‘ಚಿಕ್ಕವನಿದ್ದಾಗ ದಿನಾ ಹೊಳೆಗೆ ಹೋಗುತ್ತಿದ್ದೆ’ ಅನ್ನುವುದು ಆಗ ಇದ್ದ ಅಭ್ಯಾಸ. ಅದಕ್ಕೆ ‘ಐ ವಾಸ್ ಗೋಯಿಂಗ್’ ಬೇಡ, ‘ಐ ಯೂಸ್ಡ್ ಟು ಗೋ’ ಬೇಕು. ‘ನೀನು ಹೇಳಿದ್ದರೆ ಬರುತ್ತಿದ್ದೆ’ ಅಂದರೆ ಬರಲೇ ಇಲ್ಲ ಅಂತ ತಾನೇ? ಅದಕ್ಕೆ ‘ಐ ವುಡ್ ಹ್ಯಾವ್ ಕಮ್’. ಕನ್ನಡದಲ್ಲಿ ಒಂದೇ ‘ಉತ್ತಿದ್ದೆ’ ಮೂರು ಕೆಲಸ ಮಾಡುತ್ತದೆ, ಇಂಗ್ಲಿಷಿನಲ್ಲಿ ಮೂರಕ್ಕೂ ಬೇರೆ ಬೇರೆ ಆಳು.

‘ಇಲ್ಲ’ ಸೇರಿಸುವುದು ಸುಲಭ. ಹೋಗ್ತಿರಲಿಲ್ಲ ಅಂದರೆ ‘ವಾಸಂಟ್ ಗೋಯಿಂಗ್’. ಹೋಗಲಿಲ್ಲ ಅಂದರೆ ‘ಡಿಡಂಟ್ ಗೋ’.

ಈಗ ನಿಮ್ಮ ಎರಡನೇ ಪ್ರಶ್ನೆ. ನಾವು ಹೋದೆ, ಹೋದೆವು, ಹೋದಳು, ಹೋದವು ಅಂತ ಪದದ ಬಾಲ ಬದಲಿಸುತ್ತಲೇ ಇರುತ್ತೇವೆ. ಇಂಗ್ಲಿಷಿನಲ್ಲಿ ಎಲ್ಲರಿಗೂ ‘ವೆಂಟ್’. ಭೂತಕಾಲದಲ್ಲಿ ಒಬ್ಬರಿಗೊಂದು, ಹಲವರಿಗೊಂದು ಅಂತ ಎರಡು ರೂಪ ಉಳಿದಿರುವುದು ವಾಸ್, ವರ್ ಅನ್ನುವ ಈ ಒಂದೇ ಕ್ರಿಯಾಪದಕ್ಕೆ. ಹಿಂದೆ ಇಂಗ್ಲಿಷಿನಲ್ಲೂ ನಮ್ಮ ಹಾಗೇ ‘ನೀನು’, ‘ನೀವು’ ಎರಡೂ ಇದ್ದವು. ‘ದೌ’ ಅಂದರೆ ನೀನು, ‘ಯು’ ಅಂದರೆ ನೀವು. ಮರ್ಯಾದೆಗೆ ಒಬ್ಬರಿಗೂ ‘ಯು’ ಅನ್ನುವುದು ಬೆಳೆಯುತ್ತಾ ಬಂದು, ದಿನಬಳಕೆಯಿಂದ ‘ದೌ’ ಬಿದ್ದುಹೋಯಿತು. ‘ನೀವು’ ಉಳಿಯಿತು, ಅದರ ಜೊತೆ ‘ಇದ್ದಿರಿ’ಯೂ ಉಳಿಯಿತು. ಆ ‘ಇದ್ದಿರಿ’ಯೇ ‘ವರ್’. ಮಧ್ಯೆ, 18ನೇ ಶತಮಾನದಲ್ಲಿ, ಒಬ್ಬರಿಗೆ ‘ಯು ವಾಸ್’ ಅನ್ನುವ ರೂಢಿಯೂ ಅಲ್ಲಿ ಇತ್ತು. ರಾಬರ್ಟ್ ಲೌತ್ ಎನ್ನುವವರು 1762ರ ತಮ್ಮ ಇಂಗ್ಲಿಷ್ ವ್ಯಾಕರಣ ಪುಸ್ತಕದಲ್ಲಿ ಅದು ದೊಡ್ಡ ತಪ್ಪು ಅಂತ ಬರೆದರು. ಬರಹದ ಇಂಗ್ಲಿಷಿನಲ್ಲಿ ನಿಂತದ್ದು ‘ಯು ವರ್’.

ಈ ಮರ್ಯಾದೆಯ ಲೆಕ್ಕವನ್ನು ‘ಯು’ ಬಿಟ್ಟು ಬೇರೆ ಕಡೆ ಹಚ್ಚಬೇಡಿ. ನಾವು ‘ಅಪ್ಪ ಮಲಗಿದ್ದರು’ ಅಂತೀವಿ, ‘ಸರ್ ಬಂದಿದ್ದರು’ ಅಂತೀವಿ, ಹಾಗಾಗಿ ‘ಮೈ ಫಾದರ್ ವರ್’ ಅನ್ನಲು ಮನಸ್ಸಾಗುತ್ತದೆ. ಇಂಗ್ಲಿಷ್ ಅಲ್ಲಿ ಎಷ್ಟು ಜನ ಅಂತ ಮಾತ್ರ ನೋಡುತ್ತದೆ. ಅಪ್ಪ ಒಬ್ಬರೇ ಇದ್ದರೆ ‘ಮೈ ಫಾದರ್ ವಾಸ್ ಸ್ಲೀಪಿಂಗ್’. ಪಕ್ಕದಲ್ಲಿ ಅಮ್ಮನೂ ಮಲಗಿದ್ದರೆ ‘ವರ್’.